ಮಳಖೇಡದ ಗಣಿತ ಮಾಸ್ತರರು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಮಹಾವೀರಾಚಾರ್ಯರು ಅಂದರೆ ಒಂದು ಅಂಕದ ಪ್ರಶ್ನೆ. ಗಣಿತಸಾರಸಂಗ್ರಹ ಬರೆದವರು ಯಾರು, ಯಾವ ದೊರೆಯ ಕಾಲದವರು, ಅಷ್ಟೇ. ಕವಿರಾಜಮಾರ್ಗದ ಪಕ್ಕದ ಸಾಲಿನಲ್ಲಿ ಅವರ ಹೆಸರಿರುತ್ತದೆ. ಟಿಕ್ ಹಾಕಿ ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಆ ಪುಸ್ತಕದೊಳಗೆ ಏನಿದೆ ಎಂದು ಯಾವ ಪರೀಕ್ಷೆಯೂ ಕೇಳುವುದಿಲ್ಲ. ತಮಾಷೆ ಏನೆಂದರೆ, ಅದೇ ಪ್ರಶ್ನೆಪತ್ರಿಕೆಯ ಮುಂದಿನ ಪುಟದಲ್ಲಿ ನಮ್ಮನ್ನು ಬೆವರಿಳಿಸುವ ವರ್ಗಮೂಲದ ಸಮೀಕರಣಗಳನ್ನು ಬಿಡಿಸಲು ದಾರಿ ತೋರಿಸಿದವರು ಇದೇ ಮಹಾವೀರಾಚಾರ್ಯರು. ಅದೂ ಸುಮಾರು 1170 ವರ್ಷಗಳ ಹಿಂದೆ.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ಇವರು ಜೈನರ 24ನೇ ತೀರ್ಥಂಕರ ವರ್ಧಮಾನ ಮಹಾವೀರರಲ್ಲ. ಆ ತೀರ್ಥಂಕರರ ಹೆಸರನ್ನೇ ಇಟ್ಟುಕೊಂಡಿದ್ದ, ಅವರಿಗೇ ನಮಸ್ಕರಿಸಿ ಪುಸ್ತಕ ಶುರುಮಾಡಿದ ಒಬ್ಬ ಜೈನ ವಿದ್ವಾಂಸರು. ಬದುಕಿದ್ದು ಕ್ರಿ.ಶ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ. ಆ ದೊರೆಯ ರಾಜಧಾನಿ ಮಾನ್ಯಖೇಟವೇ ಇಂದಿನ ಮಳಖೇಡ. ನಮ್ಮ ನರೋಣಾದಿಂದ ಕಲಬುರಗಿಗೆ ಬಂದು ಸೇಡಂ ಬಸ್ಸು ಹತ್ತಿದರೆ ದಾರಿಯಲ್ಲೇ ಸಿಗುವ ಊರು. ಕಾಗಿಣಾ ನದಿ ದಂಡೆ, ಹಳೆಯ ಕೋಟೆ, ನೇಮಿನಾಥ ಬಸದಿ, ಜಯತೀರ್ಥರ ವೃಂದಾವನ.

ಮಹಾವೀರಾಚಾರ್ಯರು ತಮ್ಮ ಪುಸ್ತಕದಲ್ಲಿ ತಮ್ಮ ಬಗ್ಗೆ ಒಂದು ಮಾತೂ ಬರೆದುಕೊಂಡಿಲ್ಲ. ತಂದೆ ಯಾರು, ಗುರು ಯಾರು, ಯಾವ ಊರಿನವರು, ಯಾವುದೂ ಅಲ್ಲಿಲ್ಲ. ಹೊಗಳಿದ್ದು ದೊರೆಯನ್ನು, ಗಣಿತವನ್ನು. ದೊರೆಯ ಆಳ್ವಿಕೆ ಬೆಳೆಯಲಿ ಎಂದು ಹಾರೈಸಿದ ಆ ಶ್ಲೋಕಗಳಿಂದಲೇ ವಿದ್ವಾಂಸರು ಅವರ ಕಾಲವನ್ನು ಸುಮಾರು 850 ಎಂದು ಗುರುತಿಸಿದ್ದಾರೆ. ಹಾಗಾಗಿ ಅವರ ಜೀವನ ಕತೆ ಹೇಳುವುದು ಅಂದರೆ ಅವರಿದ್ದ ಊರು, ಆ ಕಾಲ ಮತ್ತು ಆ ಪುಸ್ತಕದ ಕತೆ ಹೇಳುವುದೇ.

ಅಮೋಘವರ್ಷ 814ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಹುಡುಗ. ಇವತ್ತಿನ ಲೆಕ್ಕದಲ್ಲಿ ಹೈಸ್ಕೂಲ್ ವಯಸ್ಸು. ತಂದೆ ಮೂರನೇ ಗೋವಿಂದ ಉತ್ತರದ ತನಕ ದಂಡೆತ್ತಿ ಹೋಗಿ ಗೆದ್ದು ಬಂದವನು. ಅವನು ತೀರಿಕೊಂಡಿದ್ದೇ ತಡ, ಸಾಮಂತರು ತಿರುಗಿಬಿದ್ದರು. ಗುಜರಾತ್ ಶಾಖೆಯ ಬಂಧು ಕರ್ಕ ಬೆನ್ನಿಗೆ ನಿಂತಿದ್ದರಿಂದ ಸಿಂಹಾಸನ ಉಳಿಯಿತು. ಆಮೇಲೆ ಅವನು ಆಳಿದ್ದು 60 ವರ್ಷಕ್ಕೂ ಹೆಚ್ಚು. ಯುದ್ಧಕ್ಕಿಂತ ಪುಸ್ತಕದ ಕಡೆಗೇ ಅವನ ಮನಸ್ಸು ಹೆಚ್ಚು ವಾಲಿತ್ತು. ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ ಕವಿರಾಜಮಾರ್ಗ ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಆದಿಪುರಾಣ ಬರೆದ ಜಿನಸೇನಾಚಾರ್ಯರು ಅವನ ಗುರುಗಳು. ಅರಬ್ಬರ ಬರಹಗಳಲ್ಲಿ ರಾಷ್ಟ್ರಕೂಟ ದೊರೆಯನ್ನು ಬಲ್ಹರಾ ಎಂದು ಕರೆದು, ಜಗತ್ತಿನ ನಾಲ್ಕು ದೊಡ್ಡ ದೊರೆಗಳಲ್ಲಿ ಒಬ್ಬನೆಂದು ಎಣಿಸಿದ್ದಾರೆ. ನಮ್ಮ ಕಡೆಯ ಹೆಸರಿಗೆ ಹಿಂದುಳಿದ ಎಂಬ ಪದ ಅಂಟಿಕೊಂಡಿರುವ ಈ ದಿನಗಳಲ್ಲಿ ಇದನ್ನು ಓದಿದರೆ ಒಂಥರಾ ಅನ್ನಿಸುತ್ತದೆ.

ಜಿನಸೇನರ ಗುರು ವೀರಸೇನರ ಹೆಸರನ್ನೂ ಇಲ್ಲಿ ಹೇಳಬೇಕು. ಅವರ ಧವಲಾ ಎಂಬ ವ್ಯಾಖ್ಯಾನದಲ್ಲಿ ಅರ್ಧಚ್ಛೇದ ಎಂಬ ಪದ ಬರುತ್ತದೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದು ಎಂಬ ಎಣಿಕೆ ಅದು. 32ನ್ನು 5 ಸಲ ಅರ್ಧ ಮಾಡಿದರೆ 1 ಉಳಿಯುತ್ತದೆ, ಆದ್ದರಿಂದ 32ರ ಅರ್ಧಚ್ಛೇದ 5. ನಾವು ಪಿಯುಸಿಯಲ್ಲಿ ಕಲಿತ ಆಧಾರ 2ರ ಲಾಗರಿದಮ್ ಇದೇ. ಇನ್ನೂ ಹಳೆಯ ಪ್ರಾಕೃತ ಗ್ರಂಥ ಅನುಯೋಗದ್ವಾರ ಸೂತ್ರದಲ್ಲಿ ಮೊದಲ ವರ್ಗಮೂಲ, ಎರಡನೇ ವರ್ಗಮೂಲ ಎಂದು ಎಣಿಸುವ ಪದ್ಧತಿಯಿದೆ. ಎರಡನೇ ವರ್ಗಮೂಲ ಅಂದರೆ ವರ್ಗಮೂಲದ ವರ್ಗಮೂಲ. 256ನ್ನು ತೆಗೆದುಕೊಳ್ಳಿ. ಮೊದಲ ಮೂಲ 16, ಎರಡನೇ ಮೂಲ 4. ಎರಡನ್ನೂ ಗುಣಿಸಿದರೆ 64, ಅದು ಎರಡನೇ ಮೂಲದ ಘನ. ಇವತ್ತಿನ ಭಾಷೆಯಲ್ಲಿ ಹೇಳಿದರೆ 1/2 ಮತ್ತು 1/4 ಘಾತಾಂಕ ಕೂಡಿಸಿದಾಗ 3/4. ಘಾತಾಂಕ ಭಿನ್ನರಾಶಿಯಾದರೂ ಕೂಡುವ ನಿಯಮ ಕೆಡುವುದಿಲ್ಲ ಎಂಬ ತಿಳಿವಳಿಕೆ ಜೈನ ಪಂಡಿತರಲ್ಲಿ ಮಹಾವೀರಾಚಾರ್ಯರಿಗಿಂತ ಮೊದಲೇ ಇತ್ತು. ಅವರು ಬೆಳೆದದ್ದು ಇಂಥ ಪರಂಪರೆಯಲ್ಲಿ.

ಗಣಿತಸಾರಸಂಗ್ರಹ ಸಂಸ್ಕೃತದಲ್ಲಿದೆ. ಒಂಬತ್ತು ಅಧ್ಯಾಯ, 1100ಕ್ಕೂ ಹೆಚ್ಚು ಶ್ಲೋಕ. ಆ ಕಾಲದಲ್ಲಿ ಗಣಿತ ಹೆಚ್ಚಾಗಿ ಖಗೋಳ ಗ್ರಂಥಗಳ ಒಂದೆರಡು ಅಧ್ಯಾಯವಾಗಿ ಬರುತ್ತಿತ್ತು. ಆರ್ಯಭಟ, ಬ್ರಹ್ಮಗುಪ್ತ ಇಬ್ಬರೂ ಬರೆದದ್ದು ಹಾಗೆಯೇ. ಮಹಾವೀರಾಚಾರ್ಯರದು ಗ್ರಹಗತಿಯ ಗೋಜಿಲ್ಲದ, ಗಣಿತಕ್ಕೇ ಮೀಸಲಾದ ಪುಸ್ತಕ. ಗಣಿತ ಎಲ್ಲೆಲ್ಲಿ ಬೇಕು ಎಂಬ ಅವರ ಪಟ್ಟಿಯಲ್ಲಿ ಸಂಗೀತ, ನಾಟಕ, ಅಡುಗೆ, ವೈದ್ಯ, ಕಟ್ಟಡ, ಛಂದಸ್ಸು, ವ್ಯಾಕರಣ ಎಲ್ಲವೂ ಇವೆ. ಅಡುಗೆಯನ್ನೂ ಬಿಡಲಿಲ್ಲ ನೋಡಿ! ಮುಂದೆ ಬಡ್ಡಿ ಲೆಕ್ಕ, ಬೇರೆ ಬೇರೆ ಗುಣಮಟ್ಟದ ಚಿನ್ನ ಬೆರೆಸುವ ಲೆಕ್ಕ, ಆರು ರುಚಿಗಳನ್ನು ಎಷ್ಟು ಬಗೆಯಲ್ಲಿ ಸೇರಿಸಬಹುದು ಎಂಬ ಲೆಕ್ಕ ಬರುತ್ತವೆ. ಆಪ್ಟಿಟ್ಯೂಡ್ ಟೆಸ್ಟ್‌ಗೆ ತಯಾರಿ ನಡೆಸುವವರು ಕಾಂಬಿನೇಷನ್ ಎಂದು ಬಾಯಿಪಾಠ ಮಾಡುವ ಸಾಮಾನ್ಯ ಸೂತ್ರ ಅಲ್ಲಿದೆ.

ತಾವೇ ಎಲ್ಲ ಕಂಡುಹಿಡಿದೆ ಎಂದು ಅವರು ಎಲ್ಲೂ ಹೇಳಿಕೊಂಡಿಲ್ಲ. ಪುಸ್ತಕದ ಹೆಸರೇ ಸಾರಸಂಗ್ರಹ. ಹಿಂದಿನ ಗುರುಗಳ ಜ್ಞಾನವೆಂಬ ಕಡಲಿನಿಂದ ಆಯ್ದು ತಂದದ್ದು ಎಂಬ ಅರ್ಥದಲ್ಲಿ ಬರೆದಿದ್ದಾರೆ. ನನಗೆ ಅವರು ಇಷ್ಟವಾಗುವುದು ಆ ಆಯ್ಕೆ ಮತ್ತು ಜೋಡಣೆಯಿಂದಲೇ. ಅದು ಸಂಶೋಧಕರಿಗಿಂತ ಹೆಚ್ಚಾಗಿ ಒಳ್ಳೆಯ ಮಾಸ್ತರರು ಮಾಡುವ ಕೆಲಸ.

ನಾಲ್ಕನೇ ಅಧ್ಯಾಯ ನೋಡಿದರೆ ಇದು ಗೊತ್ತಾಗುತ್ತದೆ. ಅದರ ಹೆಸರು ಪ್ರಕೀರ್ಣಕ ವ್ಯವಹಾರ. ಒಂದು ಗುಂಪಿನಲ್ಲಿ ಇಷ್ಟು ಭಾಗ ಹೋಯಿತು, ಇಷ್ಟು ಉಳಿಯಿತು, ಒಟ್ಟು ಎಷ್ಟಿತ್ತು ಎಂದು ಕೇಳುವ ಲೆಕ್ಕಗಳು. ಇವುಗಳನ್ನು ಅವರು ಹತ್ತು ಜಾತಿಯಾಗಿ ವಿಂಗಡಿಸಿದ್ದಾರೆ. ಬರೀ ಭಾಗ ಕಳೆದರೆ ಒಂದು ಜಾತಿ, ಉಳಿದದ್ದರ ಭಾಗ ಕಳೆದರೆ ಇನ್ನೊಂದು. ವರ್ಗಮೂಲ ಬಂದರೆ ಮೂಲ ಜಾತಿ, ಉಳಿದದ್ದರ ವರ್ಗಮೂಲ ಬಂದರೆ ಶೇಷಮೂಲ, ಎರಡು ವರ್ಗಮೂಲ ಕೂಡಿಕೊಂಡರೆ ಮೂಲಮಿಶ್ರ. ಪ್ರತಿ ಜಾತಿಗೆ ಒಂದು ನಿಯಮ, ನಿಯಮದ ಹಿಂದೆಯೇ ಲೆಕ್ಕಗಳು. ಲೆಕ್ಕ ಕೈಗೆ ಬಂದ ಕೂಡಲೇ ವಿದ್ಯಾರ್ಥಿ ಮಾಡಬೇಕಾದ ಮೊದಲ ಕೆಲಸ ಇದು ಯಾವ ಜಾತಿ ಎಂದು ಗುರುತಿಸುವುದು. ಅದೇ ದಶಕಗಳಲ್ಲಿ ಬಾಗ್ದಾದಿನಲ್ಲಿ ಅಲ್ ಖ್ವಾರಿಜ್ಮಿ ಸಮೀಕರಣಗಳನ್ನು ಆರು ಬಗೆಯಾಗಿ ವಿಂಗಡಿಸಿ ಬೀಜಗಣಿತದ ಪುಸ್ತಕ ಬರೆದಿದ್ದ.

ಮೂಲ ಜಾತಿಯ ಒಂದು ಲೆಕ್ಕ ಒಂಟೆಗಳದ್ದು. ಒಂದು ಹಿಂಡಿನ ಕಾಲು ಭಾಗ ಕಾಡಿನಲ್ಲಿ ಕಂಡಿತು. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ಇಳಿಜಾರಿಗೆ ಹೋಯಿತು. ಉಳಿದ 15 ಒಂಟೆ ನದಿ ದಂಡೆಯಲ್ಲಿವೆ. ಹಿಂಡಿನಲ್ಲಿ ಒಟ್ಟು ಎಷ್ಟು?

ನಮ್ಮ ರೀತಿಯಲ್ಲಿ ಹಿಂಡನ್ನು ಎಕ್ಸ್ ಅಂದುಕೊಳ್ಳೋಣ. ವರ್ಗಮೂಲ ಅಂದರೆ ಎಕ್ಸ್‌ನ ತಲೆಯ ಮೇಲೆ 1/2 ಘಾತಾಂಕ. ಒಂದೇ ಸಮೀಕರಣದಲ್ಲಿ ಎಕ್ಸ್ ಕೂಡ ಇದೆ, ಅದರ ಅರ್ಧ ಘಾತವೂ ಇದೆ. ಇಲ್ಲಿಯೇ ಹಲವರು ಎರಡೂ ಬದಿಯನ್ನು ಅವಸರದಲ್ಲಿ ವರ್ಗ ಮಾಡಿ ಗೋಜಲಿಗೆ ಬೀಳುತ್ತಾರೆ. ಮಹಾವೀರಾಚಾರ್ಯರ ನಿಯಮ ಮೊದಲು ಹುಡುಕುವುದು ಹಿಂಡನ್ನಲ್ಲ, ಹಿಂಡಿನ ಮೂಲವನ್ನು. ಮೂಲ ಸಿಕ್ಕ ಮೇಲೆ ಕೊನೆಯಲ್ಲಿ ವರ್ಗ ಮಾಡಿದರೆ ಹಿಂಡು ತಾನಾಗಿ ಬರುತ್ತದೆ. ಅರ್ಧ ಘಾತವನ್ನೇ ವೈ ಎಂದು ಹಿಡಿಯಿರಿ ಎಂದು ಇವತ್ತು ನಮಗೆ ಕಲಿಸುವುದೂ ಇದನ್ನೇ. ಆಗ ಎಕ್ಸ್ ವೈ ವರ್ಗವಾಗುತ್ತದೆ, ಭಿನ್ನ ಘಾತಾಂಕ ಮಾಯವಾಗಿ ಪರಿಚಯದ ವರ್ಗ ಸಮೀಕರಣ ಉಳಿಯುತ್ತದೆ.

ಅವರ ನಿಯಮ ಹೀಗೆ ಸಾಗುತ್ತದೆ. ಒಂದರಿಂದ ಭಾಗವನ್ನು ಕಳೆಯಿರಿ: 1ರಲ್ಲಿ 1/4 ಹೋದರೆ 3/4. ಮೂಲದ ಗುಣಕದ ಅರ್ಧವನ್ನು ಇದರಿಂದ ಭಾಗಿಸಿ: 2ರ ಅರ್ಧ 1, ಭಾಗಿಸಿದರೆ 4/3. ಕಣ್ಣಿಗೆ ಕಂಡ ಸಂಖ್ಯೆಯನ್ನೂ ಹಾಗೆಯೇ ಭಾಗಿಸಿ: 15ನ್ನು 3/4ರಿಂದ ಭಾಗಿಸಿದರೆ 20. ಈಗ 4/3ರ ವರ್ಗಕ್ಕೆ 20 ಕೂಡಿಸಿ: 196/9. ಅದರ ವರ್ಗಮೂಲ 14/3. ಅದಕ್ಕೆ ಮೊದಲಿನ 4/3 ಕೂಡಿಸಿದರೆ 6. ವರ್ಗ ಮಾಡಿದರೆ 36. ತಾಳೆ ನೋಡಿ: ಕಾಡಿನಲ್ಲಿ 9, ಬೆಟ್ಟದಲ್ಲಿ 12, ನದಿ ದಂಡೆಯಲ್ಲಿ 15. ಸರಿಯಾಗಿ 36.

ಒಂಟೆ ನಮ್ಮ ಕಡೆ ಅಪರೂಪ, ತೊಗರಿಯಲ್ಲೇ ನೋಡೋಣ. ಒಬ್ಬ ರೈತರ ರಾಶಿಯಲ್ಲಿ ಅರ್ಧದಷ್ಟು ಚೀಲ ಕಲಬುರಗಿ ಎಪಿಎಂಸಿಗೆ ಹೋದವು. ಒಟ್ಟು ಚೀಲಗಳ ವರ್ಗಮೂಲದ 4 ಪಟ್ಟು ಆಳಂದಕ್ಕೆ ಹೋದವು. ಮನೆಯಲ್ಲಿ ಉಳಿದದ್ದು 10 ಚೀಲ. ಒಂದರಿಂದ ಅರ್ಧ ಕಳೆದರೆ ಅರ್ಧ. 4ರ ಅರ್ಧ 2, ಅದನ್ನು ಅರ್ಧದಿಂದ ಭಾಗಿಸಿದರೆ 4. 10ನ್ನು ಅರ್ಧದಿಂದ ಭಾಗಿಸಿದರೆ 20. 16ಕ್ಕೆ 20 ಕೂಡಿ 36, ಮೂಲ 6, ಅದಕ್ಕೆ 4 ಕೂಡಿ 10, ವರ್ಗ 100. ಪೆನ್ನು ಹಿಡಿಯದೆ ಬಾಯಲ್ಲೇ ಮಾಡಬಹುದು. ಯಾವ ರೈತರೂ ಚೀಲಗಳ ವರ್ಗಮೂಲ ತೆಗೆದು ಮಾರುವುದಿಲ್ಲ, ಅದು ಬೇರೆ ಮಾತು. ಒಂಟೆಗಳೂ ವರ್ಗಮೂಲ ನೋಡಿಕೊಂಡು ಬೆಟ್ಟ ಹತ್ತುವುದಿಲ್ಲ. ಇವು ಕೈ ಪಳಗಿಸಲು ಕಟ್ಟಿದ ಲೆಕ್ಕಗಳು.

ಹಾಗಂತ ಭಿನ್ನ ಘಾತಾಂಕ ಬರೀ ಕಸರತ್ತು ಎಂದುಕೊಳ್ಳಬೇಡಿ. ಸಿವಿಲ್ ಓದುವ ಗೆಳೆಯರಿಗೆ ಮ್ಯಾನಿಂಗ್ ಸೂತ್ರ ಗೊತ್ತಿರುತ್ತದೆ. ಕಾಲುವೆಯಲ್ಲಿ ನೀರಿನ ವೇಗ ಕಂಡುಹಿಡಿಯಲು ನೀರಿನ ಅಡ್ಡಕೊಯ್ತದ ವಿಸ್ತೀರ್ಣವನ್ನು ಒದ್ದೆಯಾಗುವ ಅಂಚಿನ ಉದ್ದದಿಂದ ಭಾಗಿಸಿ, ಬಂದದ್ದಕ್ಕೆ 2/3 ಘಾತ, ಕಾಲುವೆಯ ಇಳಿಜಾರಿಗೆ 1/2 ಘಾತ ಹಾಕಬೇಕು. ವೇಗ ಗೊತ್ತಿದ್ದು ಕಾಲುವೆಯ ಅಳತೆ ಬೇಕಾದರೆ ಈ 2/3ನ್ನು ಬಿಡಿಸಲೇಬೇಕು. ಅದಕ್ಕೆ ಎರಡೂ ಬದಿಗೆ 3/2 ಘಾತ ಹಾಕುತ್ತೇವೆ.

ಇಲ್ಲಿ ಎರಡು ಗುಂಡಿಗಳಿವೆ, ಪರೀಕ್ಷೆಯಲ್ಲಿ ಅಂಕ ಹೋಗುವುದೂ ಇಲ್ಲೇ. ಎಕ್ಸ್‌ನ 2/3 ಘಾತ 16 ಎಂದು ಕೊಟ್ಟರೆ 64 ಎಂದಷ್ಟೇ ಬರೆದು ಬಿಡುತ್ತಾರೆ. ಘನಮೂಲದ ವರ್ಗ 16 ಅಂದರೆ ಘನಮೂಲ 4 ಇರಬಹುದು, ಋಣ 4 ಕೂಡ ಇರಬಹುದು. ಆದ್ದರಿಂದ ಋಣ 64 ಸಹ ಉತ್ತರ. ಕಾಲುವೆಯ ಅಳತೆಗೆ ಋಣ ಸಂಖ್ಯೆ ಬೇಡ, ಬೀಜಗಣಿತದ ಪ್ರಶ್ನೆಗೆ ಬೇಕು. ಇನ್ನೊಂದು ಗುಂಡಿ ಇದರ ತಿರುಗುಮುರುಗು. ಎಕ್ಸ್‌ನಿಂದ ಅದರ ವರ್ಗಮೂಲವನ್ನೂ 6ನ್ನೂ ಕಳೆದರೆ 0 ಎಂಬ ಸಮೀಕರಣದಲ್ಲಿ ವೈಗೆ 3 ಮತ್ತು ಋಣ 2 ಎಂಬ ಎರಡು ಬೆಲೆ ಬರುತ್ತವೆ. ಎರಡನ್ನೂ ವರ್ಗ ಮಾಡಿ 9, 4 ಎಂದು ಬರೆದರೆ ತಪ್ಪು. 4ನ್ನು ಹಾಕಿ ನೋಡಿ, ಸೊನ್ನೆ ಬರುವುದಿಲ್ಲ. ವರ್ಗಮೂಲದ ಚಿಹ್ನೆ ಋಣ 2ನ್ನು ಕೊಡುವುದೇ ಇಲ್ಲವಲ್ಲ.

ಒಂಟೆ ಲೆಕ್ಕದಲ್ಲೂ ಇಂಥ ಎರಡನೇ ಬೆಲೆಯಿದೆ, ಋಣ 10/3. ಮಹಾವೀರಾಚಾರ್ಯರ ನಿಯಮ ಕೂಡಿಸುವುದನ್ನು ಮಾತ್ರ ಹೇಳಿ ಅದನ್ನು ಹೊರಗೇ ಇಡುತ್ತದೆ. ಎರಡನೇ ಮೂಲ ಅವರಿಗೆ ತಿಳಿಯದೆ ಅಲ್ಲ. ಅದೇ ಅಧ್ಯಾಯದಲ್ಲಿ ಗುಂಪಿನ ಎರಡು ಭಾಗಗಳನ್ನು ಒಂದಕ್ಕೊಂದು ಗುಣಿಸುವ ಜಾತಿ ಬಂದಾಗ ಕೂಡಿಸಿಯೂ ಕಳೆದೂ ಎರಡು ಉತ್ತರ ತೆಗೆಯುವ ನಿಯಮ ಕೊಟ್ಟಿದ್ದಾರೆ. ಎಲ್ಲಿ ಎರಡು ಬೇಕು, ಎಲ್ಲಿ ಒಂದೇ ಸಾಕು ಎಂಬುದು ಅವರಿಗೆ ಗೊತ್ತಿತ್ತು. ಮೊದಲ ಅಧ್ಯಾಯದಲ್ಲೇ ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ನಾವು ಮುಂದೆ ಕಾಲ್ಪನಿಕ ಸಂಖ್ಯೆ ಎಂದು ಬಾಗಿಲು ತೆರೆದುಕೊಂಡೆವು. ವಾಸ್ತವ ಸಂಖ್ಯೆಗಳ ಮಟ್ಟಿಗೆ ಅವರ ಮಾತು ಇವತ್ತಿಗೂ ಸರಿ.

ವರ್ಗಮೂಲದಾಚೆಗೂ ಅವರು ಹೋಗಿದ್ದಾರೆ. ಗುಣೋತ್ತರ ಶ್ರೇಢಿಯ ಭಾಗದಲ್ಲಿ, ಮೊದಲ ಪದಕ್ಕೆ ಒಂದೇ ಅನುಪಾತವನ್ನು ಮತ್ತೆ ಮತ್ತೆ ಗುಣಿಸಿ ಬಂದ ಮೊತ್ತ ಕೊಟ್ಟು ಅನುಪಾತ ಹುಡುಕುವ ನಿಯಮವಿದೆ. 3ನ್ನು ಒಂದು ಸಂಖ್ಯೆಯಿಂದ ನಾಲ್ಕು ಸಲ ಗುಣಿಸಿದಾಗ 768 ಬಂತು ಅನ್ನಿ. 768ನ್ನು 3ರಿಂದ ಭಾಗಿಸಿದರೆ 256. ಯಾವ ಸಂಖ್ಯೆ ನಾಲ್ಕು ಸಲ ತನ್ನನ್ನೇ ಗುಣಿಸಿಕೊಂಡು 256 ಆಗುತ್ತದೋ ಅದೇ ಉತ್ತರ, ಅಂದರೆ 4. ಚಿಹ್ನೆ ಇಲ್ಲದಿದ್ದರೂ 1/4 ಘಾತದ ಕೆಲಸ ನಡೆದಿದೆ.

ಚಿಹ್ನೆಯ ಮಾತು ಬಂದಿದ್ದರಿಂದ ಹೇಳಿಬಿಡುತ್ತೇನೆ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುವ ಹೆಮ್ಮೆಯ ಸಂದೇಶಗಳ ಹಾಗೆ ಎಲ್ಲವೂ ನಮ್ಮ ಮಳಖೇಡದಲ್ಲೇ ಹುಟ್ಟಿತು ಎಂದು ನಾನು ಹೇಳಲಾರೆ. ಸಂಖ್ಯೆಯ ತಲೆಯ ಮೇಲೆ ಭಿನ್ನರಾಶಿ ಬರೆಯುವ ಪದ್ಧತಿಯನ್ನು ಬಳಕೆಗೆ ತಂದವನು ನ್ಯೂಟನ್, 1676ರ ಪತ್ರಗಳಲ್ಲಿ. ಮಹಾವೀರಾಚಾರ್ಯರು ಬರೆದದ್ದೆಲ್ಲ ಸರಿಯೂ ಅಲ್ಲ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಹಾಗೇ ಉಳಿಯುತ್ತದೆ ಎಂದಿದ್ದಾರೆ. ಅದು ತಪ್ಪು. ಮುಂದೆ 12ನೇ ಶತಮಾನದಲ್ಲಿ ಭಾಸ್ಕರಾಚಾರ್ಯರು ಅದು ಅನಂತ ಎಂದರು, ಇವತ್ತು ನಾವು ಹಾಗೆ ಭಾಗಿಸುವುದಕ್ಕೆ ಅರ್ಥವೇ ಇಲ್ಲ ಎನ್ನುತ್ತೇವೆ. ಈ ತಪ್ಪನ್ನು ಮುಚ್ಚಿಟ್ಟು ಅವರನ್ನು ದೊಡ್ಡವರನ್ನಾಗಿ ಮಾಡಬೇಕಿಲ್ಲ. ಒಂಟೆ ಲೆಕ್ಕದ ನಿಯಮ ಒಂದೇ ಸಾಕು.

ಅವರ ಕೊನೆಯ ದಿನಗಳ ದಾಖಲೆಯಿಲ್ಲ. ಅಮೋಘವರ್ಷನ ಆಳ್ವಿಕೆ ಮುಗಿದದ್ದು 878ರ ಸುಮಾರಿಗೆ. 972ರಲ್ಲಿ ಮಾಳವದ ಪರಮಾರ ದೊರೆ ಸೀಯಕ ಮಾನ್ಯಖೇಟವನ್ನು ಸೂರೆ ಮಾಡಿದ. ಮರುವರ್ಷವೇ ಚಾಲುಕ್ಯ ತೈಲಪ ರಾಷ್ಟ್ರಕೂಟರ ಆಳ್ವಿಕೆಯನ್ನು ಮುಗಿಸಿದ. ರಾಜಧಾನಿಯ ವೈಭವ ಹೋಯಿತು, ಪುಸ್ತಕ ಮಾತ್ರ ಕೈಯಿಂದ ಕೈಗೆ ದಾಟುತ್ತಲೇ ಇತ್ತು. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ, ಕ್ಷೇತ್ರಗಣಿತ ಬರೆದ. ಮೂಲ ಜಾತಿಯ ಲೆಕ್ಕಗಳು ಭಾಸ್ಕರಾಚಾರ್ಯರ ಲೀಲಾವತಿಯಲ್ಲೂ ಬರುತ್ತವೆ. ಅಲ್ಲಿ ಒಂಟೆಯ ಜಾಗದಲ್ಲಿ ದುಂಬಿಗಳಿವೆ: ಹಿಂಡಿನ ಅರ್ಧದ ವರ್ಗಮೂಲ, ಹಿಂಡಿನ 8/9 ಭಾಗ, ಜೊತೆಗೆ 2. ಉತ್ತರ 72. ಬಿಡಿಸಿ ನೋಡಿ, ಇಲ್ಲಿ ವೈ ಎಂದು ಹಿಡಿಯಬೇಕಾದದ್ದು ಹಿಂಡಿನ ಮೂಲವನ್ನಲ್ಲ, ಅರ್ಧ ಹಿಂಡಿನ ಮೂಲವನ್ನು.

ಆಮೇಲೆ ಶತಮಾನಗಳ ಕಾಲ ಗಣಿತಸಾರಸಂಗ್ರಹ ತಾಳೆಗರಿಗಳಲ್ಲೇ ಉಳಿಯಿತು, ಅವುಗಳಲ್ಲಿ ಕೆಲವು ಕನ್ನಡ ಲಿಪಿಯವು. ಮದ್ರಾಸ್ ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕ ಎಂ. ರಂಗಾಚಾರ್ಯರು ಪ್ರತಿಗಳನ್ನು ಕಲೆಹಾಕಿ, ತಾಳೆ ನೋಡಿ, ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಅಚ್ಚು ಹಾಕಿಸಿದರು. ಅಮೆರಿಕದ ಗಣಿತ ಚರಿತ್ರಕಾರ ಡೇವಿಡ್ ಯೂಜೀನ್ ಸ್ಮಿತ್ ಅದಕ್ಕೆ ಮುನ್ನುಡಿ ಬರೆದರು. ಹೊರಗಿನ ಜಗತ್ತಿಗೆ ಮಹಾವೀರಾಚಾರ್ಯರು ಪರಿಚಯವಾದದ್ದು ಹೆಚ್ಚಾಗಿ ಆ ಪುಸ್ತಕದಿಂದ. ಮೈಸೂರು ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮ ಅವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಪ್ರಕಟವಾಯಿತು. ಸಂಸ್ಕೃತ ಬಾರದ ನಮ್ಮಂಥವರೂ ಈಗ ನಾಲ್ಕನೇ ಅಧ್ಯಾಯವನ್ನು ಕನ್ನಡದಲ್ಲೇ ಓದಿ, ಲೆಕ್ಕ ಬಿಡಿಸಿ, ಉತ್ತರ ತಾಳೆ ನೋಡಿಕೊಳ್ಳಬಹುದು.